ಕೇದಾರ ಹತ್ತುವ ಮುನ್ನ ಉಸಿರಿಗೂ ತಾಲೀಮು

ದೊಡ್ಡಬೆಳವಂಗಲದ ಸುತ್ತಮುತ್ತಲ ಹಳ್ಳಿಗಳಿಂದ ಚಾರ್‌ಧಾಮ್ ಯಾತ್ರೆಗೆ ಹೋಗಿ ಬಂದವರನ್ನು ಮಾತಿಗೆಳೆದರೆ, ಕೇದಾರದ ದಾರಿಯ ಬಗ್ಗೆ ಬರುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: ಕಾಲು ಗಟ್ಟಿಯಾಗಿಯೇ ಇತ್ತು, ದಮ್ಮು ಸಾಲಲಿಲ್ಲ. ಇವರು ಬಿಸಿಲಲ್ಲಿ ರಾಗಿ ಹೊಲದ ಕಳೆ ಕಿತ್ತವರು, ಹುಲ್ಲಿನ ಹೊರೆ ಹೊತ್ತವರು, ದಿನವಿಡೀ ಮಗ್ಗದ ಮುಂದೆ ನಿಂತವರು. ಅಂಥವರೂ ಗೌರಿಕುಂಡ ಬಿಟ್ಟು ಭೀಮಬಲಿ ದಾಟಿ ಲಿಂಚೋಲಿ ಕಡೆ ಹತ್ತುವಷ್ಟರಲ್ಲಿ, ಹತ್ತು ಹೆಜ್ಜೆಗೊಮ್ಮೆ ನಿಂತು ಬಾಯಿ ತೆರೆದು ಉಸಿರೆಳೆಯುತ್ತಾರೆ. ಜೊತೆಯವರು ವಯಸ್ಸಾಯ್ತು ಎಂದು ಸಮಾಧಾನ ಹೇಳುತ್ತಾರೆ. ಆದರೆ ಅಲ್ಲಿ ಇಪ್ಪತ್ತೈದರ ಹುಡುಗರೂ ಹಾಗೆಯೇ ನಿಂತಿರುತ್ತಾರೆ.

ಈ ಕಷ್ಟವನ್ನು ಪೂರ್ತಿ ಇಲ್ಲವಾಗಿಸಲು ಆಗದು, ಗಣನೀಯವಾಗಿ ತಗ್ಗಿಸಬಹುದು. ನಡಿಗೆಯಿಂದ ಕಾಲನ್ನು ಪಳಗಿಸುವ ಹಾಗೆ ಉಸಿರೆಳೆಯುವ ಸ್ನಾಯುಗಳನ್ನೂ ಪಳಗಿಸಬಹುದು. ಕ್ರೀಡಾಪಟುಗಳು ಮತ್ತು ಪರ್ವತಾರೋಹಿಗಳು ಬಳಸುವ ಈ ವಿಧಾನ ಯಾತ್ರಿಕರಿಗೂ ಒದಗುತ್ತದೆ. ಅದು ಏನು ಮಾಡುತ್ತದೆ ಎಂಬುದರಷ್ಟೇ, ಏನು ಮಾಡುವುದಿಲ್ಲ ಎಂಬುದೂ ನಿಮಗೆ ಗೊತ್ತಿರಬೇಕು. ಎತ್ತರದ ಜಾಗದಲ್ಲಿ ಅಪಾಯ ಹುಟ್ಟುವುದು ಈ ಎರಡನೆಯದನ್ನು ಮರೆತಾಗ.

ಅಲ್ಲಿ ಉಸಿರು ಯಾಕೆ ಸಾಲುವುದಿಲ್ಲ

ಬೆಟ್ಟದ ಮೇಲೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆ ಎಂಬ ನಂಬಿಕೆ ಇದೆ. ಪಾಲು ಎಲ್ಲ ಕಡೆಯೂ ಒಂದೇ, ಶೇಕಡ 21ರಷ್ಟು. ಎತ್ತರಕ್ಕೆ ಹೋದಂತೆ ಕಡಿಮೆಯಾಗುವುದು ಗಾಳಿಯ ಒತ್ತಡ. ಹಾಗಾಗಿ ಒಂದು ಉಸಿರಿನಲ್ಲಿ ಒಳಗೆ ಬರುವ ಆಮ್ಲಜನಕವೂ ಕಡಿಮೆ. ದೊಡ್ಡಬೆಳವಂಗಲ ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನಲ್ಲಿದೆ. ಕೇದಾರನಾಥ ಇರುವುದು 3,583 ಮೀಟರ್ ಎತ್ತರದಲ್ಲಿ. ನಮ್ಮೂರಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕದ ಮುಕ್ಕಾಲು ಪಾಲೂ ಅಲ್ಲಿ ದಕ್ಕುವುದಿಲ್ಲ. ಕೈಲಾಸ ಪರಿಕ್ರಮದ ಡೋಲ್ಮಾ ಲಾ ಕಣಿವೆದಾರಿ 5,600 ಮೀಟರಿಗೂ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ.

ಕೊರತೆಯನ್ನು ಮೊದಲು ಗುರುತಿಸುವುದು ಕುತ್ತಿಗೆಯ ರಕ್ತನಾಳದ ಬಳಿ ಇರುವ ಪುಟ್ಟ ಸಂವೇದಕ ಅಂಗಗಳು. ಅವು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ, ಉಸಿರಾಟ ಬಿರುಸಾಗುತ್ತದೆ. ಬಿರುಸಾಗಿ ಉಸಿರಾಡುವುದೂ ಒಂದು ದುಡಿಮೆಯೇ. ಹೊಟ್ಟೆ ಮತ್ತು ಎದೆಯ ನಡುವೆ ಕೊಡೆಯಂತೆ ಹರಡಿರುವ ವಪೆ, ಪಕ್ಕೆಲುಬುಗಳ ನಡುವಿನ ಸ್ನಾಯುಗಳು, ಕುತ್ತಿಗೆಯ ಪಕ್ಕದ ಸ್ನಾಯುಗಳು, ಎಲ್ಲವೂ ಸೇರಿ ಈ ಕೆಲಸ ಮಾಡಬೇಕು. ಸುಮ್ಮನೆ ಕೂತಾಗ ಇವುಗಳಿಗೆ ತಗಲುವ ಆಮ್ಲಜನಕ ತೀರಾ ಸ್ವಲ್ಪ. ಕಡಿದಾದ ಏರು ಹತ್ತುವಾಗ ದೇಹ ಬಳಸುವ ಒಟ್ಟು ಆಮ್ಲಜನಕದಲ್ಲಿ ಹತ್ತನೇ ಒಂದು ಪಾಲು, ಕೆಲವರಲ್ಲಿ ಇನ್ನೂ ಹೆಚ್ಚು, ಇವುಗಳಿಗೇ ಹೋಗುತ್ತದೆ. ಎತ್ತರದಲ್ಲಿ ಅದೇ ಏರಿಗೆ ಇನ್ನಷ್ಟು ಉಸಿರು ಬೇಕಾಗುವುದರಿಂದ ಈ ಖರ್ಚೂ ಏರುತ್ತದೆ.

ಉಸಿರಿನ ಸ್ನಾಯುಗಳು ದಣಿದಾಗ ನಡೆಯುವ ಸಂಗತಿ ಹೆಚ್ಚು ಜನರಿಗೆ ತಿಳಿದಿಲ್ಲ. ದಣಿದ ವಪೆಯಿಂದ ಹೊರಟ ನರಸಂದೇಶಕ್ಕೆ ಕಾಲಿನ ರಕ್ತನಾಳಗಳು ಕಿರಿದಾಗುತ್ತವೆ. ದ್ರಾಕ್ಷಿ ತೋಟದ ಡ್ರಿಪ್‌ನಲ್ಲಿ ಮೇಲಿನ ಸಾಲುಗಳ ವಾಲ್ವ್ ಪೂರ್ತಿ ತೆರೆದರೆ ಕಡೆಯ ಸಾಲಿಗೆ ನೀರಿನ ಒತ್ತಡ ಸಾಲದೆ ಹೋಗುವುದನ್ನು ನೀವು ನೋಡಿದ್ದೀರಿ. ಇಲ್ಲೂ ರಕ್ತ ಉಸಿರಿನ ಕೆಲಸಕ್ಕೆ ತಿರುಗಿ ಕಾಲಿಗೆ ಕೊರತೆ ಬೀಳುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜೆರೋಮ್ ಡೆಂಪ್ಸಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ಸೈಕಲ್ ತುಳಿಯುವವರ ಮೇಲೆ ತೋರಿಸಿಕೊಟ್ಟರು. ಉಸಿರಾಟದ ಹೊರೆ ಹೆಚ್ಚಿಸಿದರೆ ಕಾಲಿನ ರಕ್ತ ಕಡಿಮೆಯಾಗುತ್ತಿತ್ತು, ಹೊರೆ ಇಳಿಸಿದರೆ ಹೆಚ್ಚುತ್ತಿತ್ತು. ಕೇದಾರದ ಏರಿನಲ್ಲಿ ದಮ್ಮು ಕಟ್ಟಿದಾಗ ಕಾಲೂ ಸೀಸದಂತೆ ಭಾರವಾಗುವುದಕ್ಕೆ ಇದೂ ಒಂದು ಕಾರಣ.

ವಪೆಯನ್ನು ಬಲಪಡಿಸಿದರೆ ಅದು ದಣಿಯುವುದು ತಡವಾಗುತ್ತದೆ, ಕಾಲಿಗೆ ಹೋಗುವ ರಕ್ತ ಅಷ್ಟು ಹೊತ್ತು ಉಳಿಯುತ್ತದೆ. ಈ ತರಬೇತಿಯ ತಿರುಳು ಇಷ್ಟೇ.

ಎಷ್ಟು ಫಲ ನಿರೀಕ್ಷಿಸಬಹುದು

ಆಮ್ಲಜನಕ ಕಡಿಮೆ ಮಾಡಿದ ಕೋಣೆಗಳಲ್ಲೂ ನಿಜವಾದ ಪರ್ವತಗಳಲ್ಲೂ ಈ ತರಬೇತಿಯನ್ನು ಪರೀಕ್ಷಿಸಿದ್ದಾರೆ. ಉಸಿರಿನ ಸ್ನಾಯುಗಳ ಬಲ ಹೆಚ್ಚುವುದು ಖಚಿತ. ಅವುಗಳ ದಣಿವು ತಗ್ಗುತ್ತದೆ, ಏದುಸಿರಿನ ಅನುಭವವೂ ಕಡಿಮೆಯಾಗುತ್ತದೆ. ಕೆಲವು ಅಧ್ಯಯನಗಳಲ್ಲಿ ಅದೇ ಕೆಲಸ ಮಾಡುವಾಗ ರಕ್ತದ ಆಮ್ಲಜನಕ ಮಟ್ಟ ಸ್ವಲ್ಪ ಮೇಲಿತ್ತು, ಜನ ಹೆಚ್ಚು ಹೊತ್ತು ತಡೆದುಕೊಂಡರು. ಇನ್ನು ಕೆಲವದರಲ್ಲಿ ತಡೆದುಕೊಳ್ಳುವ ಹೊತ್ತು ಬದಲಾಗಲಿಲ್ಲ. ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆ ಇದರಿಂದ ಸಾಮಾನ್ಯವಾಗಿ ಏರುವುದಿಲ್ಲ. ಅದನ್ನು ಏರಿಸುವುದು ನಡಿಗೆ, ಓಟ, ಸೈಕಲ್. ಪರೀಕ್ಷೆಗೆ ಒಳಗಾದವರು ಹೆಚ್ಚಾಗಿ ಆರೋಗ್ಯವಂತ ಯುವಕರ ಸಣ್ಣ ಗುಂಪುಗಳು ಎಂಬುದನ್ನೂ ನೆನಪಿಡಬೇಕು.

ಎತ್ತರದ ಕಾಯಿಲೆಯನ್ನು ಇದು ತಡೆಯುತ್ತದೆ ಎಂದು ಮಾತ್ರ ಯಾರೂ ಭಾವಿಸಬೇಡಿ. ತಲೆನೋವು, ವಾಂತಿ, ಶ್ವಾಸಕೋಶದಲ್ಲಿ ನೀರು ತುಂಬುವುದು, ಇವು ದೇಹ ಎತ್ತರಕ್ಕೆ ಒಗ್ಗುವ ಮೊದಲೇ ಮೇಲೆ ಹೋದುದರ ಫಲ. ಗಟ್ಟಿಮುಟ್ಟಾದವರಿಗೂ ಬರುತ್ತವೆ. ದಮ್ಮು ಚೆನ್ನಾಗಿದೆ ಎಂದು ಬೇಗ ಬೇಗ ಹತ್ತಿದವರಿಗೆ ಇನ್ನೂ ಬೇಗ ಬರುತ್ತವೆ.

ಮೊದಲು ಒಂದು ತಪಾಸಣೆ

ಹಿಮೋಗ್ಲೋಬಿನ್ ನೋಡಿಸಿ. ನನ್ನ ಮಟ್ಟಿಗೆ ಇದು ಯಾವ ಉಸಿರಾಟದ ಸಾಧನಕ್ಕಿಂತಲೂ ಮುಖ್ಯ. ಆಮ್ಲಜನಕವನ್ನು ಹೊತ್ತೊಯ್ಯುವುದು ಅದೇ. ಹೆಂಗಸರಲ್ಲಿ 12, ಗಂಡಸರಲ್ಲಿ 13 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಲೆಕ್ಕ. ಊರಲ್ಲಿ ಕೆಲಸಕ್ಕೆ ಅಡ್ಡಿಯಾಗದ ರಕ್ತಹೀನತೆ 3,500 ಮೀಟರಿನಲ್ಲಿ ಕೈಕೊಡುತ್ತದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಪರೀಕ್ಷೆ ಆಗುತ್ತದೆ, ಕಬ್ಬಿಣದ ಮಾತ್ರೆಯೂ ಸಿಗುತ್ತದೆ. ಆದರೆ ಮಾತ್ರೆ ರಕ್ತವಾಗಲು ವಾರಗಟ್ಟಲೆ ಬೇಕು. ಬಸ್ ಹತ್ತುವ ಹಿಂದಿನ ವಾರ ನೋಡಿಸಿ ಪ್ರಯೋಜನವಿಲ್ಲ.

ಐವತ್ತು ದಾಟಿದವರು, ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು ಇಸಿಜಿ ಮಾಡಿಸಿ, ವೈದ್ಯರು ಹೇಳಿದರೆ ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಮಾಡಿಸಿ. ವರ್ಷಗಟ್ಟಲೆ ಮಗ್ಗದ ಮನೆಯ ದೂಳಿನಲ್ಲಿ ದುಡಿದವರು, ಆಗಾಗ ಉಬ್ಬಸ ಬರುವವರು ಎದೆರೋಗ ತಜ್ಞರ ಬಳಿ ಸ್ಪೈರೋಮೆಟ್ರಿ ಎಂಬ ಉಸಿರಾಟದ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕೈಲಾಸ ಮಾನಸ ಸರೋವರಕ್ಕೆ ವಿದೇಶಾಂಗ ಸಚಿವಾಲಯದ ಮೂಲಕ ಹೋಗುವವರಿಗೆ ತಪಾಸಣೆ ಬಿಡುವ ಆಯ್ಕೆಯೇ ಇಲ್ಲ. 18ರಿಂದ 70 ವರ್ಷದೊಳಗಿರಬೇಕು, ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ 25 ಮೀರಬಾರದು, ವೈದ್ಯಕೀಯ ಪರೀಕ್ಷೆ ದಾಟಲೇಬೇಕು. ಕೇದಾರಕ್ಕೆ ಹೋಗುವವರು ಆ ಶಿಸ್ತನ್ನು ತಾವಾಗಿಯೇ ಹಾಕಿಕೊಳ್ಳಲಿ ಎಂಬುದು ನನ್ನ ಆಸೆ.

ಕೆಳಗೆ ಹೇಳುವ ಸಾಧನದ ತರಬೇತಿಯನ್ನು ಇವರು ವೈದ್ಯರನ್ನು ಕೇಳದೆ ಮಾಡಬಾರದು: ಹಿಂದೆ ಶ್ವಾಸಕೋಶ ಕುಸಿದವರು, ಇತ್ತೀಚೆಗೆ ಎದೆ, ಹೊಟ್ಟೆ ಅಥವಾ ಕಣ್ಣಿನ ಆಪರೇಷನ್ ಆದವರು, ಕಿವಿ ತಮಟೆ ತೂತಾದವರು, ಹತೋಟಿಯಲ್ಲಿಲ್ಲದ ಅಸ್ತಮಾ ಇರುವವರು, ಹೃದಯದ ತೊಂದರೆ ಇರುವವರು, ಗರ್ಭಿಣಿಯರು.

ಶಿವರಾತ್ರಿಯಿಂದ ಅಕ್ಷಯ ತದಿಗೆವರೆಗೆ

ಕೇದಾರದ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಉಖೀಮಠದ ಓಂಕಾರೇಶ್ವರ ದೇವಸ್ಥಾನದಲ್ಲಿ ಘೋಷಿಸುವುದು ವಾಡಿಕೆ. ಬಾಗಿಲು ತೆರೆಯುವುದು ಅಕ್ಷಯ ತದಿಗೆಯ ಆಸುಪಾಸಿನಲ್ಲಿ. 2025ರಲ್ಲಿ ಶಿವರಾತ್ರಿ ಫೆಬ್ರವರಿ 26ಕ್ಕೆ, ಬಾಗಿಲು ತೆರೆದದ್ದು ಮೇ 2ಕ್ಕೆ. ನಡುವೆ ಒಂಬತ್ತು ವಾರ. ತರಬೇತಿಗೆ ಬೇಕಾದ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಜಾಗರಣೆಯ ಮರುದಿನ ವಿಶ್ರಾಂತಿ ತೆಗೆದುಕೊಂಡು ಅದರ ಮರುದಿನ ಶುರು ಮಾಡಿ.

1. ಸಾಧನ. ಸ್ಪ್ರಿಂಗ್ ವಾಲ್ವ್ ಇರುವ, ಬಿಗಿ ಹೆಚ್ಚುಕಡಿಮೆ ಮಾಡಬಹುದಾದ ಉಸಿರಾಟ ತರಬೇತಿ ಸಾಧನ ಬೇಕು. ನಿಗದಿತ ಬಲದಿಂದ ಎಳೆದರೆ ಮಾತ್ರ ಅದರ ವಾಲ್ವ್ ತೆರೆದು ಗಾಳಿ ಒಳಬರುತ್ತದೆ. ಬಿಡುವಾಗ ಅಡ್ಡಿಯಿಲ್ಲ. ಒಬ್ಬರ ಬಾಯಿಗೆ ಇಟ್ಟದ್ದನ್ನು ಇನ್ನೊಬ್ಬರು ಬಳಸಬಾರದು. ದಿನವೂ ತೊಳೆದು ಒಣಗಿಸಿ.

2. ಭಂಗಿ. ಕುರ್ಚಿಯಲ್ಲಿ ನೆಟ್ಟಗೆ ಕೂತು ಭುಜ ಸಡಿಲ ಬಿಡಿ. ಮೂಗಿಗೆ ಕ್ಲಿಪ್ ಹಾಕಿ, ತುಟಿಗಳಿಂದ ಸಾಧನದ ಬಾಯನ್ನು ಬಿಗಿಯಾಗಿ ಹಿಡಿಯಿರಿ.

3. ಎಳೆಯುವ ಕ್ರಮ. ಮೊದಲು ಉಸಿರನ್ನು ಪೂರ್ತಿ ಹೊರಗೆ ಬಿಡಿ. ನಂತರ ಬಾಯಿಯಿಂದ ಜೋರಾಗಿ, ಬೇಗನೆ, ಎದೆ ತುಂಬುವವರೆಗೆ ಎಳೆಯಿರಿ. ಭುಜ ಮೇಲೇಳಬಾರದು, ಹೊಟ್ಟೆ ಮತ್ತು ಕೆಳಪಕ್ಕೆ ಅಗಲವಾಗಬೇಕು. ಆಮೇಲೆ ನಿಧಾನವಾಗಿ ಬಿಡಿ. ತಲೆ ತಿರುಗಿದಂತಾದರೆ ನಿಲ್ಲಿಸಿ, ಎರಡು ಉಸಿರಿನ ನಡುವೆ ಹೆಚ್ಚು ಬಿಡುವು ಕೊಡಿ.

4. ಪ್ರಮಾಣ. ಒಂದು ಹೊತ್ತಿಗೆ 30 ಉಸಿರು, ಬೆಳಿಗ್ಗೆ ಮತ್ತು ಸಂಜೆ, ವಾರದಲ್ಲಿ ಐದಾರು ದಿನ. ಊಟವಾದ ಕೂಡಲೇ ಬೇಡ. ಮೊದಲ ವಾರ ಹಗುರ ಬಿಗಿಯಲ್ಲಿ ಕ್ರಮವನ್ನಷ್ಟೇ ಕಲಿಯಿರಿ.

5. ಬಿಗಿ. ಸಂಶೋಧನೆಗಳಲ್ಲಿ ಹೆಚ್ಚಾಗಿ ಬಳಸುವುದು ನಿಮ್ಮ ಗರಿಷ್ಠ ಎಳೆತದ ಅರ್ಧದಷ್ಟು ಹೊರೆ. ಅಳತೆ ಯಂತ್ರ ಇಲ್ಲದವರಿಗೆ ಸುಲಭದ ಗುರುತು ಇದು: ಮೂವತ್ತರಲ್ಲಿ ಕೊನೆಯ ನಾಲ್ಕೈದು ಉಸಿರು ಕಷ್ಟವಾಗಬೇಕು, ಆದರೂ ಮುಗಿಸಲು ಆಗಬೇಕು. ಮೂವತ್ತೂ ಸಲೀಸಾದ ದಿನ ಬಿಗಿ ಸ್ವಲ್ಪ ಏರಿಸಿ.

6. ಅವಧಿ. ನಾಲ್ಕರಿಂದ ಆರು ವಾರದಲ್ಲಿ ಫಲ ಗೊತ್ತಾಗುತ್ತದೆ. ಆಮೇಲೆ ಹೊರಡುವವರೆಗೆ ವಾರಕ್ಕೆ ಎರಡು ಮೂರು ದಿನ ಮಾಡಿದರೆ ಗಳಿಸಿದ್ದು ಉಳಿಯುತ್ತದೆ. ನೆಗಡಿ, ಕೆಮ್ಮು, ಕಿವಿನೋವು ಇದ್ದಾಗ ಬಿಟ್ಟುಬಿಡಿ.

ಸಾಧನ ಕೊಳ್ಳಲಾಗದವರು ನಿರಾಶರಾಗಬೇಕಿಲ್ಲ. ಅಂಗಾತ ಮಲಗಿ, ಮೊಣಕಾಲು ಮಡಿಸಿ, ಹೊಟ್ಟೆಯ ಮೇಲೆ ಒಂದೆರಡು ಕಿಲೋ ರಾಗಿಯ ಚೀಲ ಇಟ್ಟುಕೊಂಡು, ಅದು ಏರಿ ಇಳಿಯುವಂತೆ ಹತ್ತು ನಿಮಿಷ ಉಸಿರಾಡಿ. ಬಲ ಬೆಳೆಯುವುದು ಸಾಧನದಷ್ಟಲ್ಲ. ಆದರೆ ಭುಜದಿಂದ ಉಸಿರಾಡುವ ಅಭ್ಯಾಸ ಬಿಟ್ಟುಹೋಗಿ ವಪೆಯಿಂದ ಉಸಿರಾಡುವುದು ರೂಢಿಯಾಗುತ್ತದೆ.

ಇದರ ಜೊತೆಗೆ ಎಲ್ಲರೂ ಕಲಿಯಬೇಕಾದದ್ದು ನಿಧಾನದ ಉಸಿರು. ಐದು ಸೆಕೆಂಡು ಒಳಗೆ, ಐದು ಸೆಕೆಂಡು ಹೊರಗೆ, ನಿಮಿಷಕ್ಕೆ ಆರು. ಪ್ರಾಣಾಯಾಮ ಮಾಡುವವರಿಗೆ ಇದು ಹೊಸದಲ್ಲ. ಇಟಲಿಯ ಲೂಚಿಯಾನೊ ಬೆರ್ನಾರ್ದಿ ಮತ್ತು ಸಂಗಡಿಗರು ಆಮ್ಲಜನಕ ಕಡಿಮೆ ಇರುವ ಸ್ಥಿತಿಯಲ್ಲಿ ಯೋಗಾಭ್ಯಾಸಿಗಳ ಉಸಿರಾಟವನ್ನು ಪರೀಕ್ಷಿಸಿದಾಗ, ನಿಧಾನದ ಆಳ ಉಸಿರು ರಕ್ತದ ಆಮ್ಲಜನಕ ಮಟ್ಟವನ್ನು ಉತ್ತಮವಾಗಿ ಕಾಯ್ದುಕೊಳ್ಳುವುದು ಕಂಡುಬಂತು. ಪುಟ್ಟ ಪುಟ್ಟ ಉಸಿರಿನ ಹೆಚ್ಚಿನ ಪಾಲು ಗಂಟಲು ಮತ್ತು ಶ್ವಾಸನಾಳದಲ್ಲೇ ಓಡಾಡಿ ವ್ಯರ್ಥವಾಗುತ್ತದೆ. ಆಳದ ಉಸಿರು ಶ್ವಾಸಕೋಶದ ತಳ ಮುಟ್ಟುತ್ತದೆ. ಹತ್ತುವಾಗ ನಿಂತು ಸುಧಾರಿಸಿಕೊಳ್ಳುವ ಪ್ರತಿ ಸಲವೂ ಇದು ಉಪಯೋಗಕ್ಕೆ ಬರುತ್ತದೆ.

ಕಾಲಿಗೂ ಹೃದಯಕ್ಕೂ

ಉಸಿರಿನ ತಾಲೀಮು ಒಂದನ್ನೇ ನಂಬಿ ಹೋಗಬೇಡಿ. 1,500 ಮೀಟರ್ ದಾಟಿದ ಮೇಲೆ ಪ್ರತಿ ಸಾವಿರ ಮೀಟರಿಗೆ ದೇಹದ ಏರೋಬಿಕ್ ಸಾಮರ್ಥ್ಯ ಸುಮಾರು ಶೇಕಡ ಹತ್ತರಂತೆ ಇಳಿಯುತ್ತದೆ. ಕೇದಾರದಲ್ಲಿ ನಿಮ್ಮ ಸಾಮರ್ಥ್ಯದಲ್ಲಿ ಐದನೇ ಒಂದು ಪಾಲು ಇಲ್ಲ ಎಂದುಕೊಂಡೇ ಹೊರಡಬೇಕು. ಹಾಗಾಗಿ ಇಲ್ಲಿಂದ ಒಯ್ಯುವ ಗಂಟು ದೊಡ್ಡದಿರಲಿ.

ವಾರಕ್ಕೆ ನಾಲ್ಕೈದು ದಿನ ಬಿರುಸು ನಡಿಗೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಅರ್ಧ ಗಂಟೆಯಿಂದ ಶುರು ಮಾಡಿ ಒಂದು ಗಂಟೆಗೆ ಏರಿಸಿ. ಮಾರ್ಚ್ ಏಪ್ರಿಲ್ ಬಿಸಿಲು ನಮ್ಮ ಕಡೆ ಕಠಿಣ. ಬೆಳಿಗ್ಗೆ ಏಳರೊಳಗೆ ಮುಗಿಸಿ. ದಾಬಸ್‌ಪೇಟೆ ರಸ್ತೆಯ ಲಾರಿಗಳ ಹೊಗೆ ಕುಡಿಯುತ್ತ ನಡೆಯುವ ಬದಲು ಹೊಲದ ದಾರಿ, ಕೆರೆ ಏರಿ ಹಿಡಿಯಿರಿ.

ಹೊಲದ ಕೆಲಸವೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಹೊಲದ ಕೆಲಸ ಬೆನ್ನು ತೋಳುಗಳನ್ನು ಗಟ್ಟಿ ಮಾಡುತ್ತದೆ. ಒಂದೇ ಸಮನೆ ಗಂಟೆಗಟ್ಟಲೆ ಏರು ಹತ್ತುವುದು ಬೇರೆಯದೇ ಪಾಠ. ಅದಕ್ಕೆ ನಮ್ಮ ಸುತ್ತಲೇ ಬೆಟ್ಟಗಳಿವೆ. ವಾರಕ್ಕೊಮ್ಮೆ ಮಾಕಳಿದುರ್ಗ, ಹುಲುಕುಡಿ ಬೆಟ್ಟ, ಶಿವಗಂಗೆ ಇವುಗಳಲ್ಲಿ ಯಾವುದಾದರೂ ಒಂದನ್ನು ಹತ್ತಿ. ಮೊದಲು ಬರಿಗೈಯಲ್ಲಿ, ಕೊನೆಯ ಮೂರು ವಾರ ಯಾತ್ರೆಯಲ್ಲಿ ಹೊರುವ ಚೀಲದ ಸಮೇತ. ಕೇದಾರದ ದಾರಿ ಗೌರಿಕುಂಡದಿಂದ ಸುಮಾರು 16 ಕಿಲೋಮೀಟರ್, ಏರು ಸುಮಾರು 1,600 ಮೀಟರ್. ಸುಲ್ತಾನ್‌ಪೇಟೆಯ ಮೆಟ್ಟಿಲು ಹಿಡಿದು ನಂದಿಬೆಟ್ಟವನ್ನು ನಿಲ್ಲದೆ ಹತ್ತಿ ಇಳಿದು, ಮತ್ತೊಮ್ಮೆ ಹತ್ತುವ ಉಸಿರಿದ್ದರೆ ನಿಮ್ಮ ಸಿದ್ಧತೆ ಸರಿದಾರಿಯಲ್ಲಿದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ನಂದಿಬೆಟ್ಟ ಹತ್ತಿದ್ದೇ ಎತ್ತರದ ಅಭ್ಯಾಸ ಎಂದುಕೊಳ್ಳುವುದು. ಅದರ ಎತ್ತರ 1,478 ಮೀಟರ್. ಏರು ಹತ್ತುವ ಅಭ್ಯಾಸವಾಗುತ್ತದೆಯೇ ಹೊರತು ದೇಹ ಎತ್ತರಕ್ಕೆ ಒಗ್ಗುವುದಿಲ್ಲ.

ಮೂರು ಬಣ್ಣದ ಚೆಂಡುಗಳ ಸ್ಪೈರೋಮೀಟರನ್ನೇ ತರಬೇತಿ ಸಾಧನ ಎಂದು ತಿಳಿಯುವುದು. ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ ಈ ಸಾಧನ ಕಾಯಿಲೆ, ಆಪರೇಷನ್ ನಂತರ ಶ್ವಾಸಕೋಶ ಅರಳಿಸಲು ಇರುವುದು. ಆರೋಗ್ಯವಂತರ ವಪೆಗೆ ಬಲ ಬರುವಷ್ಟು ಹೊರೆ ಅದರಲ್ಲಿಲ್ಲ. ಬಲೂನು ಊದುವುದೂ ಸಾಲದು, ಅದು ಉಸಿರು ಬಿಡುವ ಸ್ನಾಯುಗಳ ಕೆಲಸ.

ಮುಖಕ್ಕೆ ಬಿಗಿಯುವ 'ಎತ್ತರದ ಮಾಸ್ಕ್' ತೊಟ್ಟು ಓಡುವುದು. ಗಾಳಿಯ ದಾರಿ ಕಿರಿದಾಗುತ್ತದೆ ನಿಜ, ಅದರಿಂದ ಗಾಳಿಯ ಒತ್ತಡ ಇಳಿಯುವುದಿಲ್ಲ. ಎತ್ತರದ ಸ್ಥಿತಿ ಬೇಕೆಂದರೆ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ವಿಮಾನ ಚಾಲಕರಿಗಾಗಿ ಇರುವಂಥ, ಗಾಳಿಯ ಒತ್ತಡವನ್ನೇ ಇಳಿಸುವ ಕೋಣೆ ಬೇಕು.

ಕರ್ಪೂರ ಮೂಸುವುದು. ಅನೇಕ ಯಾತ್ರಿಕರು ಇದನ್ನು ನಂಬಿ ಜೇಬಲ್ಲಿಟ್ಟುಕೊಂಡಿರುತ್ತಾರೆ. ಮೂಗು ತಣ್ಣಗಾಗಿ ಉಸಿರು ಸಲೀಸಾದಂತೆ ಅನಿಸುತ್ತದೆ, ರಕ್ತಕ್ಕೆ ಒಂದಿಷ್ಟೂ ಹೆಚ್ಚು ಆಮ್ಲಜನಕ ಸೇರುವುದಿಲ್ಲ. ಅಪಾಯ ಇರುವುದು ಆ ಅನಿಸಿಕೆಯಲ್ಲೇ. ಅದನ್ನು ನಂಬಿ ಇಳಿಯಬೇಕಾದವರು ಮುಂದೆ ಹತ್ತುತ್ತಾರೆ. ಅಂಗಡಿಗಳಲ್ಲಿ ಮಾರುವ ಪುಟ್ಟ ಆಕ್ಸಿಜನ್ ಡಬ್ಬಿಯೂ ಕೆಲವೇ ನಿಮಿಷದ ಸರಕು.

ಮೇಲೆ ಹೋಗಿ ಕಪಾಲಭಾತಿ, ಭಸ್ತ್ರಿಕಾ ಜೋರಾಗಿ ಮಾಡುವುದು. ಅಲ್ಲಿ ದೇಹ ಈಗಾಗಲೇ ಬಿರುಸಾಗಿ ಉಸಿರಾಡುತ್ತಿರುತ್ತದೆ. ರಕ್ತದ ಇಂಗಾಲದ ಡೈಆಕ್ಸೈಡ್ ಇನ್ನಷ್ಟು ಇಳಿದರೆ ತಲೆ ಸುತ್ತಿ ಬೀಳಬಹುದು. ಉಸಿರು ಬಿಗಿಹಿಡಿಯುವ ಕುಂಭಕವೂ ಅಲ್ಲಿ ಬೇಡ.

ಮೇಲೆ ಹೋಗುವ ಕ್ರಮ

ಚಳಿಗಾಲದಲ್ಲಿ ಕೇದಾರೇಶ್ವರನ ಪೂಜೆ ನಡೆಯುವುದು ಉಖೀಮಠದಲ್ಲಿ. ಬಾಗಿಲು ತೆರೆಯುವ ಮುನ್ನ ಪಂಚಮುಖಿ ಉತ್ಸವ ಡೋಲಿ ಅಲ್ಲಿಂದ ಹೊರಟು ಗುಪ್ತಕಾಶಿ, ಫಾಟಾ, ಗೌರಿಕುಂಡಗಳಲ್ಲಿ ಒಂದೊಂದು ರಾತ್ರಿ ತಂಗುತ್ತ ಮೇಲೆ ಹೋಗುತ್ತದೆ. ಇಂದಿನ ವೈದ್ಯರು ಹೇಳುವ ಕ್ರಮವೂ ಹಾಗೆಯೇ ಇದೆ: ಮಧ್ಯೆ ಮಧ್ಯೆ ತಂಗಿ, ದೇಹಕ್ಕೆ ಹೊತ್ತು ಕೊಟ್ಟು ಹತ್ತಬೇಕು. ವಿಮಾನದಲ್ಲಿ ಡೆಹರಾಡೂನ್ ತಲುಪಿ, ಮರುದಿನ ಹೆಲಿಕಾಪ್ಟರಿನಲ್ಲಿ ಕೆಲವೇ ನಿಮಿಷದಲ್ಲಿ ಕೇದಾರಕ್ಕೆ ಇಳಿಯುವವರಿಗೆ ಕಾಲುನೋವು ತಪ್ಪುತ್ತದೆ, ಎತ್ತರದ ಕಾಯಿಲೆ ತಪ್ಪುವುದಿಲ್ಲ. ಅವರು ದರ್ಶನ ಮುಗಿಸಿ ಅಂದೇ ಇಳಿಯುವುದು ಕ್ಷೇಮ.

ಸಾಧ್ಯವಿದ್ದರೆ ಯಮುನೋತ್ರಿ, ಗಂಗೋತ್ರಿ ಮುಗಿಸಿ ಕೇದಾರಕ್ಕೆ ಹೋಗಿ. ಆ ಎರಡೂ ಮೂರು ಸಾವಿರ ಮೀಟರಿನ ಮೇಲಿರುವುದರಿಂದ ದೇಹ ಅಷ್ಟಿಷ್ಟು ಒಗ್ಗಿರುತ್ತದೆ. ಕೇದಾರ ಒಂದಕ್ಕೇ ಹೋಗುವವರು ಗೌರಿಕುಂಡದಲ್ಲಿ ಒಂದು ರಾತ್ರಿ ಇರಿ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ಸಾಮಾನ್ಯ ನಿಯಮ. ಕೈಲಾಸ, ಲಡಾಖ್ ಕಡೆ ಹೋಗುವವರು ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಎತ್ತರಕ್ಕೆ ಒಗ್ಗಲು ಅಸೆಟಜೋಲಮೈಡ್ ಮಾತ್ರೆ ಕೆಲವರಿಗೆ ನೆರವಾಗುತ್ತದೆ. ಸಲ್ಫಾ ಔಷಧಿಗಳ ಅಲರ್ಜಿ ಇರುವವರಿಗೆ ತೊಂದರೆ ಆಗಬಹುದಾದ್ದರಿಂದ ವೈದ್ಯರ ಚೀಟಿ ಇಲ್ಲದೆ ನುಂಗಬೇಡಿ. ಮದ್ಯವನ್ನೂ ನಿದ್ದೆ ಮಾತ್ರೆಯನ್ನೂ ದೂರವಿಡಿ, ಇವೆರಡೂ ರಾತ್ರಿಯ ಉಸಿರಾಟವನ್ನು ಕುಗ್ಗಿಸುತ್ತವೆ.

ಹತ್ತುವಾಗ ಉಸಿರಿಗೆ ಹೆಜ್ಜೆ ಹೊಂದಿಸಿ, ಹೆಜ್ಜೆಗೆ ಉಸಿರನ್ನಲ್ಲ. ಎರಡು ಹೆಜ್ಜೆಗೆ ಒಳಗೆ, ಎರಡು ಹೆಜ್ಜೆಗೆ ಹೊರಗೆ. ಅದು ತಪ್ಪಿದರೆ ವೇಗ ಇಳಿಸಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಒಯ್ದರೆ ಕೈ ಬೆಚ್ಚಗೆ ಮಾಡಿಕೊಂಡು ಅಳೆಯಿರಿ, ತಣ್ಣಗಿನ ಬೆರಳು ತಪ್ಪು ಅಂಕಿ ಕೊಡುತ್ತದೆ. ಕೇದಾರದ ಎತ್ತರದಲ್ಲಿ ಹೊಸಬರಿಗೆ 85ರಿಂದ 90ರ ನಡುವೆ ಬರುವುದು ಸಾಮಾನ್ಯ. ಅಂಕಿಗಿಂತ ಲಕ್ಷಣಕ್ಕೆ ಹೆಚ್ಚು ಬೆಲೆ ಕೊಡಿ.

ಇಳಿಯಲೇಬೇಕಾದ ಲಕ್ಷಣಗಳು

ತಲೆನೋವಿನ ಜೊತೆ ವಾಕರಿಕೆ, ಸುಸ್ತು ಇದ್ದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಸುಮ್ಮನೆ ಕೂತಿದ್ದಾಗಲೂ ಏದುಸಿರು, ನಿಲ್ಲದ ಕೆಮ್ಮು, ನೊರೆ ಅಥವಾ ಕೆಂಪು ಬೆರೆತ ಕಫ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದು ತಿಳಿಯಿರಿ. ಮಾತು ತೊದಲುವುದು, ಗೊಂದಲ, ಅತಿಯಾದ ಮಂಪರು ಮೆದುಳು ಊದುತ್ತಿರುವ ಗುರುತು. ಅನುಮಾನ ಬಂದರೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ ತಡಮಾಡಬೇಡಿ. ದಾರಿಯಲ್ಲಿರುವ ಸರ್ಕಾರಿ ವೈದ್ಯಕೀಯ ಕೇಂದ್ರದಲ್ಲಿ ಆಮ್ಲಜನಕ ಕೊಡಿಸಿ, ಜೊತೆಜೊತೆಗೇ ಇಳಿಸುವ ಏರ್ಪಾಡು ಮಾಡಿ. ಅಂಥವರನ್ನು ನಡೆಸಬೇಡಿ, ಒಬ್ಬರನ್ನೇ ಕಳಿಸಬೇಡಿ. ಡೋಲಿಯೋ ಕುದುರೆಯೋ ಸಿಕ್ಕಿದ್ದರಲ್ಲಿ ಹೊರಡಿ, ಬೆಳಗಾಗಲಿ ಎಂದು ಕಾಯಬೇಡಿ. ಕೆಳಗೆ ಬಂದು ಕೆಲವೇ ಗಂಟೆಗಳಲ್ಲಿ ಅವರು ಎದ್ದು ಕೂತು ಈಗ ಚೆನ್ನಾಗಿದ್ದೇನೆ ಎಂದರೂ, ಆ ಯಾತ್ರೆಯಲ್ಲಿ ಅವರನ್ನು ಮತ್ತೆ ಮೇಲೆ ಕರೆದೊಯ್ಯಬೇಡಿ.